ಗೋಡೆ ಏಳುವ ಮೊದಲೇ ಮನೆ ನೋಡಬೇಕು



ನಮ್ಮಪ್ಪ ಮೇಸ್ತ್ರಿ. ತೊಗರ್ಸಿಯಲ್ಲೂ ಸುತ್ತಲ ಹಳ್ಳಿಗಳಲ್ಲೂ ಕಂಟ್ರಾಕ್ಟ್ ಹಿಡಿದು ಮನೆ ಕಟ್ಟುತ್ತಾರೆ. ಈಗ ರಾತ್ರಿ ಊಟ ಆದ ಮೇಲೆ ಕಂಪ್ಯೂಟರಿನಲ್ಲಿ ಮನೆಯ ನಕ್ಷೆ ಬರೆಯೋದು ಕಲಿಯುತ್ತಿದ್ದಾರೆ. ಬೀದಿಯವರು ನಗುತ್ತಾರೆ. "ಕರಣೆ ಹಿಡಿಯೋ ಕೈಗೆ ಮೌಸ್ ಯಾಕೋ ಮಾರಾಯ" ಅಂತಾರೆ. ಆದರೆ ಮೇಸ್ತ್ರಿಗಳು ಇದನ್ನು ಕಲಿಯಲೇಬೇಕು ಅನ್ನೋದು ನನ್ನ ಅಭಿಪ್ರಾಯ.

ಹೋದ ಬೇಸಿಗೆಯಲ್ಲಿ ಅಪ್ಪ ಒಂದು ಮನೆ ಕಟ್ಟುತ್ತಿದ್ದರು. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಯಜಮಾನರಿಗೆ ತೋರಿಸಿದ್ದರು. ಅವರು "ಆಯ್ತು" ಅಂದರು. ಮನೆಯ ಅಮ್ಮನವರನ್ನು ಯಾರೂ ಕೇಳಲಿಲ್ಲ. ಗೋಡೆ ಎದೆಮಟ್ಟ ದಾಟಿದ ಮೇಲೆ ಅವರು ಬಂದು ನೋಡಿ, "ಅಡಿಗೆಮನೆಯಿಂದ ಕೊಟ್ಟಿಗೆ ಕಾಣೋದೇ ಇಲ್ವಲ್ಲ, ಕಿಟಕಿ ಎಲ್ಲಿ?" ಅಂದರು. ಗೋಡೆ ಒಡೆಯಬೇಕಾಯಿತು. ಇಟ್ಟಿಗೆ ಹಾಳು, ಸಿಮೆಂಟ್ ಹಾಳು. ಆ ದಿನದ ಕೂಲಿ ಅಪ್ಪನ ತಲೆ ಮೇಲೆ ಬಂತು. ಅವತ್ತು ಮನೆಗೆ ಬಂದು ಅಪ್ಪ ಊಟಾನೂ ಸರಿಯಾಗಿ ಮಾಡಲಿಲ್ಲ. ಆಮೇಲೆ ಇನ್ನೊಬ್ಬರು "ನೀವು ಮನೆಯ ಚಿತ್ರ ತೋರಿಸಲ್ಲ" ಅಂತ ಪೇಟೆಯವರಿಗೆ ಕೆಲಸ ಕೊಟ್ಟರು.

ತಪ್ಪು ಯಾರದ್ದು? ಅಪ್ಪನಿಗೆ ಗೆರೆ ನೋಡಿದರೆ ಮನೆ ಕಾಣುತ್ತೆ. ಬೇರೆಯವರಿಗೆ ಬರೀ ಗೆರೆ ಕಾಣುತ್ತೆ. ನಮಗೆ ವಿಸ್ತೀರ್ಣದ ಲೆಕ್ಕ ಗೊತ್ತಲ್ಲ, ಒಂದು ಲೆಕ್ಕ ಮಾಡಿ. ಹೊರಗಿನಿಂದ 10 ಅಡಿ ಉದ್ದ, 10 ಅಡಿ ಅಗಲದ ಕೋಣೆ. ಗೋಡೆ 9 ಇಂಚು ದಪ್ಪ. ಎರಡು ಕಡೆ ಗೋಡೆ ಕಳೆದರೆ ಒಳಗೆ ಎಂಟೂವರೆ ಅಡಿ ಮಾತ್ರ. 100 ಚದರ ಅಡಿ ಅಂತ ಅಂದುಕೊಂಡಿದ್ದು 72 ಚಿಲ್ಲರೆ ಆಯ್ತು! 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು ಅಂತ ಇದೆ. ಅಂದರೆ ಸುಮಾರು 269 ಚದರ ಅಡಿ. ಅಷ್ಟು ಸಣ್ಣ ಮನೆಯಲ್ಲಿ ಒಂದು ಅಡಿ ತಪ್ಪಿದರೆ ಮಂಚ ಹಿಡಿಸೋದಿಲ್ಲ. ದೊಡ್ಡ ಬಂಗಲೆಗಿಂತ ಬಡವರ ಮನೆಗೇ ಈ ಚಿತ್ರ ಜಾಸ್ತಿ ಬೇಕು.

ನಮ್ಮ ಮಾವನ ಮಗನ ಹಳೇ ಲ್ಯಾಪ್‌ಟಾಪಿನಲ್ಲಿ 'ಸ್ವೀಟ್ ಹೋಮ್ ತ್ರೀಡಿ' ಅನ್ನೋ ತಂತ್ರಾಂಶ ಇದೆ. ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಮೇಲೆ ನಕ್ಷೆ ಬರೆದರೆ ಕೆಳಗೆ ಮನೆ ತಾನೇ ಎದ್ದು ನಿಲ್ಲುತ್ತೆ. ಗೋಡೆಯ ದಪ್ಪ, ಎತ್ತರ ಹಾಕಬಹುದು. ಕಿಟಕಿಯನ್ನು ಎಳೆದು ಗೋಡೆಗೆ ಇಟ್ಟರೆ ಕೂತುಕೊಳ್ಳುತ್ತೆ, ಬೇಡ ಅಂದರೆ ತೆಗೆಯಬಹುದು. ಒಬ್ಬ ಮನುಷ್ಯ ಒಳಗೆ ಓಡಾಡಿದ ಹಾಗೆ ಕೋಣೆ ಕೋಣೆ ನೋಡಬಹುದು. ಪದಗಳು ಇಂಗ್ಲಿಷಿನಲ್ಲಿವೆ. ನಾನು ಓದಿ ಹೇಳುತ್ತೇನೆ, ಅಪ್ಪ ಒತ್ತುತ್ತಾರೆ. ಸೋಫಾ, ಸ್ನಾನದ ತೊಟ್ಟಿ ಎಲ್ಲಾ ಪಟ್ಟಿಯಲ್ಲಿವೆ. ಹಸು ಸಿಗಲಿಲ್ಲ. ಅಪ್ಪ ಕೊಟ್ಟಿಗೆಯಲ್ಲಿ ಎರಡು ಮೇಜು ಇಟ್ಟು "ಇವೇ ಹಸು" ಅಂದರು. ಅವ್ವ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಅವ್ವನೇ ಪಕ್ಕದಲ್ಲಿ ಕೂತು "ಬಚ್ಚಲು ಆ ಕಡೆ ಬೇಡ" ಅಂತ ಹೇಳತೊಡಗಿದರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು.

ನಮ್ಮಜ್ಜ ಮಾತ್ರ ಒಪ್ಪಲ್ಲ. "ಬಳ್ಳಿಗಾವಿ ಗುಡಿ ಕಟ್ಟಿದವರು ಕಂಪ್ಯೂಟರ್ ಕಲಿತಿದ್ರೇನೋ?" ಅಂತಾರೆ. ನಿಜ. 1117ರ ಬೇಲೂರು ದೇವಸ್ಥಾನದಲ್ಲಿ ಶಿಲ್ಪ ಕೆತ್ತಿದ ದಾಸೋಜ, ಅವನ ಮಗ ಚಾವಣ ನಮ್ಮ ಬಳ್ಳಿಗಾವಿಯವರೇ. ಆದರೆ ಅಜ್ಜಾ, ಅವರ ಹಿಂದೆ ರಾಜ ಇದ್ದ. ಅಪ್ಪನ ಹಿಂದೆ ಸಿಮೆಂಟ್ ಅಂಗಡಿ ಸಾಲ ಇದೆ.

ಅಜ್ಜ ಹೇಳೋದರಲ್ಲಿ ಒಂದು ಮಾತು ಸರಿ. ಕಂಪ್ಯೂಟರಿಗೆ ಎಲ್ಲಾ ಗೊತ್ತಿಲ್ಲ. ಮುಂಗಾರಿನ ಎರಚಲು ಪಡುವಣದಿಂದ ಹೊಡೆಯುತ್ತೆ, ಆ ಕಡೆ ಸಜ್ಜಾ ಮುಂದೆ ಬರಬೇಕು ಅಂತ ಅದು ಹೇಳಲ್ಲ. ಪಾಯ ಎಷ್ಟು ಆಳ, ಕಬ್ಬಿಣ ಎಷ್ಟು ಅಂತಾನೂ ಈ ತಂತ್ರಾಂಶ ಹೇಳಲ್ಲ, ಅದಕ್ಕೆ ಇಂಜಿನಿಯರ್ ಬೇಕು. ಪರದೆ ಮೇಲೆ ಮೂಲೆ ಸುಲಭವಾಗಿ ನೇರ ಬರುತ್ತೆ. ನೆಲದ ಮೇಲೆ ಅಪ್ಪ ದಾರ ಕಟ್ಟಿ 3 ಅಡಿ, 4 ಅಡಿ ಗುರುತು ಮಾಡಿ, ಅಡ್ಡ 5 ಅಡಿ ಬಂತಾ ಅಂತ ನೋಡಲೇಬೇಕು. ಹಾಗಾಗಿ ಬರೀ ಕಂಪ್ಯೂಟರ್ ಕಲಿತು ಕರಣೆ ಮುಟ್ಟದವರಿಗಿಂತ, ಕರಣೆ ಹಿಡಿದವರೇ ಇದನ್ನು ಕಲಿಯೋದು ಒಳ್ಳೆಯದು ಅಂತೀನಿ.

ನಮ್ಮ ತರಗತಿಯಲ್ಲಿ ಇನ್ನೂ ಕೆಲವರ ಅಪ್ಪಂದಿರು ಗಾರೆ ಕೆಲಸದವರು. ಅವರಿಗೆ ಇಂಗ್ಲಿಷ್ ಪದ ಓದಿ ಹೇಳೋಕೆ ನಾವೇ ಇದ್ದೀವಿ. ಈ ಭಾನುವಾರ ನಿಮ್ಮ ಮನೆಯ ಅಳತೆ ಬರೆದುಕೊಂಡು ನಮ್ಮ ಮನೆಗೆ ಬನ್ನಿ. ಟೇಪ್ ಇಲ್ಲದವರು ಶನಿವಾರವೇ ನನ್ನ ಹತ್ತಿರ ಕೇಳಿ, ಅಪ್ಪನದು ಕೊಡುತ್ತೇನೆ. ವಾಪಸ್ ಮಾತ್ರ ಸೋಮವಾರ ಬೆಳಿಗ್ಗೆ ಏಳು ಗಂಟೆಯೊಳಗೆ ಬೇಕು, ಅಪ್ಪ ಕೆಲಸಕ್ಕೆ ಹೋಗುತ್ತಾರೆ.

— ಏಳನೇ ತರಗತಿ