ಎಸ್.ಎಂ. ಪಂಡಿತರ ವೀರಚಿತ್ರಗಳು ಮತ್ತು ನಮ್ಮ ಕಾವ್ಯದ ಓದು

ಪದವಿ ತರಗತಿಯೊಂದರಲ್ಲಿ ರನ್ನನ ‘ಗದಾಯುದ್ಧ’ವನ್ನು ಪಾಠ ಮಾಡುವ ಅವಕಾಶ ಕೆಲವು ತಿಂಗಳ ಮಟ್ಟಿಗೆ ನನಗೆ ಒದಗಿತ್ತು. ಭೀಮನನ್ನು ಹೇಗೆ ಕಲ್ಪಿಸಿಕೊಳ್ಳುತ್ತೀರಿ ಎಂದು ಕೇಳಿದಾಗ ವಿದ್ಯಾರ್ಥಿಗಳು ವರ್ಣಿಸಿದ್ದು ಹೆಚ್ಚುಕಡಿಮೆ ಒಂದೇ ರೂಪವನ್ನು: ಉಬ್ಬಿದ ಎದೆ, ನರಗಳು ಎದ್ದು ಕಾಣುವ ತೋಳು, ಓರೆಯಾಗಿ ಬಿದ್ದ ಹೊಂಬೆಳಕು, ಹಿನ್ನೆಲೆಯಲ್ಲಿ ಕವಿದ ಮೋಡ. ಇವು ನಾವು ಓದಿದ್ದ ಪದ್ಯಗಳಿಂದ ಬಂದ ವಿವರಗಳಲ್ಲ. ಟಿ.ಬಿ. ಡ್ಯಾಂ ಕಾಲೊನಿಯಲ್ಲಿ ಬೆಳೆದ ನನಗೆ ಇವುಗಳ ಮೂಲ ಅಪರಿಚಿತವೇನೂ ಆಗಿರಲಿಲ್ಲ. ಅಲ್ಲಿನ ಕ್ಷೌರದಂಗಡಿ, ಚಹದಂಗಡಿಗಳ ಗೋಡೆಯ ಮೇಲೆ ತೂಗುತ್ತಿದ್ದ ಕ್ಯಾಲೆಂಡರುಗಳಲ್ಲಿ ಇದೇ ಭೀಮ, ಇದೇ ಅರ್ಜುನ ಇದ್ದರು. ವರ್ಷ ಮುಗಿದ ಮೇಲೂ ತಾರೀಖಿನ ಭಾಗವನ್ನು ಕತ್ತರಿಸಿ, ಚಿತ್ರಕ್ಕೆ ಕಟ್ಟು ಹಾಕಿಸಿ ಉಳಿಸಿಕೊಳ್ಳುತ್ತಿದ್ದರು.

ಈ ರೂಪವನ್ನು ಕಟ್ಟಿಕೊಟ್ಟ ಪ್ರಮುಖರಲ್ಲಿ ಒಬ್ಬರು ನಮ್ಮದೇ ಭಾಗದವರು. ಗುಲಬರ್ಗಾದ ವಿಶ್ವಕರ್ಮ ಕುಟುಂಬದಲ್ಲಿ 1916ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ಸಾಂಬಾನಂದ ಮೋನಪ್ಪ ಪಂಡಿತರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಪಾಶ್ಚಾತ್ಯ ವಾಸ್ತವವಾದಿ ಶೈಲಿಯ ಶಿಕ್ಷಣ ಪಡೆದವರು. ಅವರ ವೃತ್ತಿಜೀವನ ರೂಪುಗೊಂಡದ್ದು ಚಿತ್ರಮಂದಿರದ ಬಾಗಿಲಲ್ಲಿ. ಹಾಲಿವುಡ್ಡಿನ ಎಂ.ಜಿ.ಎಂ. ಸಂಸ್ಥೆಯ ಚಿತ್ರಗಳಿಗೆ ಅವರು ಪ್ರಚಾರಫಲಕಗಳನ್ನು ಬರೆದರು. ಬಾಬುರಾವ್ ಪಟೇಲರ ‘ಫಿಲ್ಮ್ ಇಂಡಿಯಾ’ ಪತ್ರಿಕೆಗೆ ಮುಖಪುಟಗಳನ್ನು ರಚಿಸಿದರು. ಹಿಂದಿ ಚಿತ್ರಗಳ ಭಿತ್ತಿಪತ್ರಗಳನ್ನೂ ಮಾಡಿದರು. ಬಳಿಕ ಅದೇ ಕೈ, ಅದೇ ಗುವಾಶ್ ವರ್ಣ ಪುರಾಣದತ್ತ ಹೊರಳಿ ಕ್ಯಾಲೆಂಡರುಗಳ ಮೂಲಕ ದೇಶದ ಮನೆಮನೆಯ ಗೋಡೆಯನ್ನು ತಲುಪಿತು. ಕನ್ಯಾಕುಮಾರಿಯ ವಿವೇಕಾನಂದರ ಚಿತ್ರವೂ ಅವರದೇ. ಕೊನೆಯ ದಶಕಗಳಲ್ಲಿ ಅವರು ಗುಲಬರ್ಗಾಕ್ಕೆ ಮರಳಿದ್ದರು. ಇಂದು ಕಲಬುರಗಿಯಲ್ಲಿ ಅವರ ಹೆಸರಿನ ರಂಗಮಂದಿರವಿದೆ. ಅಲ್ಲಿ ನಡೆಯುವ ಸಾಹಿತ್ಯ ಗೋಷ್ಠಿಗಳಲ್ಲಿ ಕೂರುವ ನಮ್ಮಲ್ಲಿ ಎಷ್ಟು ಮಂದಿ ಆ ಹೆಸರನ್ನು ಕಾವ್ಯದೊಂದಿಗೆ ಜೋಡಿಸಿ ಯೋಚಿಸಿದ್ದೇವೆ?

ಪಂಡಿತರ ಮೇಲಿನ ಪ್ರಭಾವಗಳನ್ನು ಗುರುತಿಸುವುದು ಕಷ್ಟವಲ್ಲ. ರಾಜಾ ರವಿವರ್ಮ 1894ರಲ್ಲಿ ಆರಂಭಿಸಿದ ಮುದ್ರಣಾಲಯದ ಮೂಲಕ ದೇವತೆಗಳಿಗೆ ಮಾನುಷ ಶರೀರದ ಭಾರ ಬಂದಿತ್ತು. ಪಂಡಿತರು ಅದಕ್ಕೆ ಕಲಾಶಾಲೆಯ ಅಂಗರಚನಾಜ್ಞಾನವನ್ನೂ ಹಾಲಿವುಡ್ಡಿನ ನಾಟಕೀಯ ಬೆಳಕನ್ನೂ ಕೂಡಿಸಿದರು. ರವಿವರ್ಮನ ಪಾತ್ರಗಳು ರಂಗದ ಮೇಲೆ ನಿಂತಂತಿದ್ದರೆ ಪಂಡಿತರ ವೀರರು ಒಂದು ಕ್ರಿಯೆಯ ತುತ್ತತುದಿಯಲ್ಲಿ ಸ್ತಬ್ಧರಾದವರಂತೆ ಕಾಣುತ್ತಾರೆ. ಈ ಕಾರಣಕ್ಕೇ ಅಮೆರಿಕದ ಕಾಮಿಕ್ಸ್ ಚಿತ್ರಕಾರ ಅಲೆಕ್ಸ್ ರಾಸ್ ಇಲ್ಲಿ ನೆನಪಾಗುತ್ತಾರೆ. 1994ರ ‘ಮಾರ್ವೆಲ್ಸ್’ ಮತ್ತು 1996ರ ‘ಕಿಂಗ್‌ಡಮ್ ಕಮ್’ ಕೃತಿಗಳಲ್ಲಿ ಅವರು ರೇಖಾಚಿತ್ರದ ಅತಿಮಾನವ ನಾಯಕರನ್ನು ಗುವಾಶ್ ವರ್ಣದಲ್ಲಿ, ನಿಜ ಮನುಷ್ಯರನ್ನು ಮಾದರಿಯಾಗಿರಿಸಿಕೊಂಡು ಚಿತ್ರಿಸಿದರು. ಎರಡನೆಯ ಕೃತಿಯ ಪಾದ್ರಿಯ ಪಾತ್ರಕ್ಕೆ ಅವರ ತಂದೆಯೇ ಮಾದರಿ. ಪಂಡಿತರಿಂದ ರಾಸ್‌ಗೆ ಪ್ರಭಾವ ಹರಿಯಿತೆಂದು ನಾನು ಹೇಳುತ್ತಿಲ್ಲ. ನಂಬಲಸಾಧ್ಯವಾದ ಶಕ್ತಿಗೆ ನಂಬಬಹುದಾದ ದೇಹವನ್ನು ಒದಗಿಸುವ ಒಂದೇ ಸಮಸ್ಯೆಗೆ ಇಬ್ಬರೂ ಸಮೀಪದ ಉತ್ತರಗಳನ್ನು ಕಂಡುಕೊಂಡರು ಎಂಬುದಷ್ಟೇ ನನ್ನ ಮಾತು.

ಕನ್ನಡ ಅಧ್ಯಯನಕಾರರಿಗೆ ಈ ಸಮಸ್ಯೆ ಹೊಸದಲ್ಲ. ಪಂಪ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ; ರನ್ನ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿದ. ಕಣ್ಣೆದುರಿನ ಮನುಷ್ಯನೊಬ್ಬನ ಮೂಲಕ ಪುರಾಣದ ವೀರನನ್ನು ಸಮಕಾಲೀನಗೊಳಿಸುವ ಈ ಕ್ರಮವನ್ನು ನಾವು ಕಾವ್ಯದಲ್ಲಿ ಬಹುಕಾಲದಿಂದ ಚರ್ಚಿಸುತ್ತಾ ಬಂದಿದ್ದೇವೆ. ಹತ್ತನೆಯ ಶತಮಾನದಲ್ಲಿ ಆ ಮಾದರಿ ಅರಸನಾಗಿದ್ದರೆ, ಇಪ್ಪತ್ತನೆಯ ಶತಮಾನದ ಮುಂಬಯಿಯಲ್ಲಿ ಅದು ಬೆಳ್ಳಿತೆರೆಯ ನಟನ ಚಹರೆಯಾಯಿತು. ಹೀಗಿರುವಾಗ ಮೊದಲನೆಯದನ್ನು ‘ಸಮೀಕರಣ’ವೆಂದು ಗೌರವಿಸಿ, ಎರಡನೆಯದನ್ನು ‘ಕ್ಯಾಲೆಂಡರ್ ಕಲೆ’ಯೆಂದು ತಳ್ಳಿಹಾಕುವುದು ವಿಮರ್ಶೆಯಾಗಲಾರದು, ಅದು ಬರಿಯ ಅಭಿರುಚಿಯ ಶ್ರೇಣೀಕರಣ.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಅರಸನನ್ನು ವೀರನೊಂದಿಗೆ ಸಮೀಕರಿಸಿದಾಗಲೂ ಪಂಪ ಕರ್ಣನನ್ನು ಮರೆಯಲಿಲ್ಲ. ಕಾವ್ಯ ತನ್ನ ಆಶ್ರಯದಾತನಿಗೇ ಒಂದು ಪ್ರಶ್ನೆಯನ್ನು ಉಳಿಸಿಕೊಂಡಿತು. ಮಾರುಕಟ್ಟೆಗೆಂದು ಅಚ್ಚಾದ ಚಿತ್ರದಲ್ಲಿ ಅಂಥ ಬಿರುಕಿಗೆ ಎಡೆ ಕಡಿಮೆ. ಎರಡನೆಯದಾಗಿ, ಮುದ್ರಣದ ಬಲದಿಂದ ಒಂದು ರೂಪ ಎಲ್ಲೆಡೆ ಹಬ್ಬಿದಾಗ ಸ್ಥಳೀಯ ರೂಪಗಳು ಹಿಂದೆ ಸರಿಯುತ್ತವೆ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಛತ್ತಿನಲ್ಲಿ ಮತ್ಸ್ಯಯಂತ್ರವನ್ನು ಭೇದಿಸುವ ಅರ್ಜುನನಿದ್ದಾನೆ. ಅವನ ಶಕ್ತಿ ಇರುವುದು ರೇಖೆಯ ಬಾಗಿನಲ್ಲಿ, ಸ್ನಾಯುವಿನಲ್ಲಲ್ಲ. ಹಜಾರರಾಮ ದೇವಾಲಯದ ಹೊರಗೋಡೆಯಲ್ಲಿ ರಾಮಾಯಣ ಸಾಲುಸಾಲು ಫಲಕಗಳಾಗಿ ಸಾಗುತ್ತದೆ. ಕಿನ್ನಾಳದ ಮರದ ಕೆತ್ತನೆಯ ಮತ್ತು ಬಳ್ಳಾರಿ ಸೀಮೆಯ ತೊಗಲುಬೊಂಬೆಯ ವೀರರು ಬೇರೆಯೇ ಶರೀರದವರು. ಈ ಕಥನಗಳ ನಡುವೆ ಬೆಳೆದ ವಿದ್ಯಾರ್ಥಿಗೂ ಭೀಮನೆಂದರೆ ಕ್ಯಾಲೆಂಡರಿನ ಭೀಮನೇ ನೆನಪಾಗುವುದು ಒಂದು ನಷ್ಟ. ಆದರೆ ಈ ನಷ್ಟವನ್ನು ಅಳೆಯಬೇಕಾದರೂ ಆ ಚಿತ್ರವನ್ನು ಓದಲೇಬೇಕು. ಓದದೆ ಉಪೇಕ್ಷಿಸಿದ್ದರಿಂದ ಅದರ ಪ್ರಭಾವ ಕುಗ್ಗಿಲ್ಲ. ಅದು ಪ್ರಶ್ನಾತೀತವಾಗಿದೆ, ಅಷ್ಟೆ.

ಪಂಡಿತರೊಬ್ಬರದೇ ಕಥೆಯೂ ಇದಲ್ಲ. 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ದ ಮುಖಪುಟಗಳಲ್ಲಿ ಕರ್ನಾಟಕದವರೇ ಆದ ಎಂ.ಟಿ.ವಿ. ಆಚಾರ್ಯರು ಮಹಾಭಾರತವನ್ನು ವರ್ಣಗಳಲ್ಲಿ ನಿರೂಪಿಸಿದರು. ಮುಂದೆ ಬೆಂಗಳೂರಿನಿಂದ ಅಂಚೆಯ ಮೂಲಕ ಚಿತ್ರಕಲೆಯನ್ನೂ ಕಲಿಸಿದರು. ‘ಅಮರ ಚಿತ್ರಕಥೆ’ಯ ಸಂಪಾದಕರಾಗಿ ಹೆಸರಾದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು, ಆ ಹೆಸರಿನ ಮೊದಲ ಪುಸ್ತಕಗಳು 1965ರಲ್ಲಿ ಬೆಂಗಳೂರಿನಿಂದ ಕನ್ನಡದಲ್ಲಿ ಹೊರಬಂದವು ಎಂಬುದೂ ನಾವು ಮರೆತ ಸಂಗತಿ. ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಇವರಿಗೆ ದೊರೆತಿರುವ ಜಾಗ ತೀರಾ ಕಿರಿದು.

ನನ್ನ ಸಂಶೋಧನಾ ಪ್ರಸ್ತಾವದಲ್ಲಿ ಇಂಥ ಚಿತ್ರಗಳನ್ನು ಆಕರವಾಗಿ ಸೇರಿಸಿದ್ದೆ. ‘ಇದು ಲಲಿತಕಲೆಯವರ ವಿಷಯ, ಸಾಹಿತ್ಯದ್ದಲ್ಲ’ ಎಂಬ ಸಲಹೆಯ ಮೇರೆಗೆ ಆ ಅಧ್ಯಾಯವನ್ನು ಕೈಬಿಡಬೇಕಾಯಿತು. ಸಲಹೆ ನೀಡಿದವರ ಸದುದ್ದೇಶದಲ್ಲಿ ನನಗೆ ಸಂದೇಹವಿಲ್ಲ. ಆದರೆ ಲಲಿತಕಲೆಯ ವಿದ್ವಾಂಸರು ವರ್ಣ ಮತ್ತು ವಿನ್ಯಾಸವನ್ನು ವಿವರಿಸಬಲ್ಲರೇ ಹೊರತು, ಈ ಭೀಮ ರನ್ನನ ಭೀಮನ ಮೇಲೆ ಹೇಗೆ ಕವಿದುಕೊಂಡ ಎಂಬುದನ್ನು ವಿವರಿಸುವ ಹೊಣೆ ಕಾವ್ಯವನ್ನು ಬಲ್ಲವರದೇ. ತಾಳೆಗರಿಯ ಪ್ರತಿಗಳ ನಡುವಿನ ಪಾಠಾಂತರಗಳನ್ನು ಅಷ್ಟು ಜತನದಿಂದ ಗುರುತಿಸುವ ನಾವು, ಓದುಗನ ಮನಸ್ಸಿನಲ್ಲಿ ಆಗಿರುವ ಈ ಬಹುದೊಡ್ಡ ಪಾಠಾಂತರವನ್ನು ಗುರುತಿಸದಿರುವುದು ಸರಿಯೇ?

ತಾಳೆಗರಿ ಶತಮಾನಗಳ ಕಾಲ ಬಾಳಿತು. ಕ್ಯಾಲೆಂಡರಿನ ಕಾಗದಕ್ಕೆ ಆ ಆಯುಷ್ಯವಿಲ್ಲ. ಕನ್ನಡ ವಿಭಾಗಗಳು ತಮ್ಮ ಪರಿಸರದ ಮನೆ, ಅಂಗಡಿ, ಮಠಗಳಲ್ಲಿ ಉಳಿದಿರುವ ಇಂಥ ಮುದ್ರಿತ ಚಿತ್ರಗಳನ್ನು ಛಾಯಾಚಿತ್ರಗಳಲ್ಲಾದರೂ ದಾಖಲಿಸಿ, ಸೂಚಿ ತಯಾರಿಸುವ ಕೆಲಸವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳ ಕ್ಷೇತ್ರಕಾರ್ಯದ ಭಾಗವಾಗಿಸಬಹುದು. ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಕಳೆದ ಬಾರಿ ಊರಿಗೆ ಹೋದಾಗ ನಾನು ಹೇಳಿದ ಆ ಕ್ಷೌರದಂಗಡಿಗೆ ಹೊಸ ಬಣ್ಣ ಬಳಿದಿದ್ದರು. ಗೋಡೆಯ ಮೇಲೆ ಚಿತ್ರವಿರಲಿಲ್ಲ. ಏನಾಯಿತೆಂದು ಕೇಳಿದೆ. ಹುಳು ಹಿಡಿದಿತ್ತು, ಹೊಳೆಗೆ ಬಿಟ್ಟೆವು ಎಂದರು.