ಹೊಸ ಮದ್ದಿನ ಆಸೆಗೆ ಹಳೆಯ ಮಾತ್ರೆ ಬಿಡಬೇಡಿ

ಊರಿನಿಂದ ಬರುವ ಕರೆಗಳಲ್ಲಿ ಈಗ ಹಣದ ಮಾತಿನಷ್ಟೇ ಔಷಧದ ಮಾತೂ ಇರುತ್ತದೆ. ‘ಅಲ್ಲಿ ಹೊಸ ಮದ್ದು ಬಂದಿದೆಯಂತೆ, ಬರುವಾಗ ತಗೊಂಡು ಬಾ’ ಎಂಬ ಕೋರಿಕೆ ಸಿಂಗಪುರದಲ್ಲಿರುವ ನಮಗೆ ಹೊಸದಲ್ಲ. ಸಂಧಿವಾತ, ಸೋರಿಯಾಸಿಸ್‌ಗೆ ಸಮುದ್ರ ಜೀವಿಯ ವಿಷದಿಂದ ಔಷಧ ಎಂಬ ಸುದ್ದಿ ಓದಿದವರಿಗಂತೂ ಆಸೆ ಹುಟ್ಟುವುದು ಸಹಜ.

ಸುದ್ದಿ ಸುಳ್ಳಲ್ಲ. ಇವು ದೇಹದ ರಕ್ಷಣಾ ಪಡೆಯೇ ದೇಹದ ಮೇಲೆ ತಿರುಗಿಬೀಳುವ ಆಟೊಇಮ್ಯೂನ್ ಕಾಯಿಲೆಗಳು. ಆ ಪಡೆಯ ಟಿ ಕೋಶಗಳ ಪೊರೆಯಲ್ಲಿ ಪೊಟ್ಯಾಸಿಯಂ ಹಾದುಹೋಗುವ ಪುಟ್ಟ ಬಾಗಿಲುಗಳಿವೆ ಎಂದು 1984ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪತ್ತೆಯಾಯಿತು. ಆ ತಂಡದಲ್ಲಿದ್ದ ಜಾರ್ಜ್ ಚಾಂಡಿ ಮುಂದೆ ಇಲ್ಲಿನ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಬಂದರು. ಆ ಬಾಗಿಲಿಗೆ ಕೆವಿ1.3 ಅಯಾನ್ ಚಾನೆಲ್ ಎಂದು ಹೆಸರು. ಕೆರಿಬಿಯನ್ ಕಡಲಿನಲ್ಲಿ ಹೂವಿನಂತೆ ಕಾಣುವ ಸೀ ಅನೆಮನಿಯ ವಿಷ ಅದನ್ನು ಮುಚ್ಚಬಲ್ಲದು. ಆ ವಿಷದ ಅಂಶವನ್ನೇ ತಿದ್ದಿ ಸಿದ್ಧಪಡಿಸಿದ ಔಷಧ ಡಲಾಜಟೈಡ್.

ಇದರ ಹೆಚ್ಚುಗಾರಿಕೆಯನ್ನು ನಮ್ಮ ಲೆಕ್ಕದ ಭಾಷೆಯಲ್ಲೇ ಹೇಳುತ್ತೇನೆ. ಸ್ಟೆರಾಯ್ಡ್ ಎಂದರೆ ಒಂದು ಖಾತೆಯಲ್ಲಿ ಮೋಸವಾಯಿತೆಂದು ಇಡೀ ಬ್ಯಾಂಕಿನ ವ್ಯವಹಾರ ತಡೆದಂತೆ. ಸೋಂಕಿನ ವಿರುದ್ಧ ಹೋರಾಡುವ ಶಕ್ತಿಯೂ ಕುಗ್ಗುತ್ತದೆ. ಹಾನಿ ಮಾಡುವ ಟಿ ಕೋಶಗಳು ಕೆವಿ1.3 ಬಾಗಿಲನ್ನೇ ಹೆಚ್ಚಾಗಿ ನೆಚ್ಚಿಕೊಂಡಿವೆ. ಉಳಿದವಕ್ಕೆ ಬೇರೆ ಬಾಗಿಲಿದೆ. ಹಾಗಾಗಿ ತಪ್ಪು ನಡೆದ ಖಾತೆಯನ್ನಷ್ಟೇ ತಡೆಯುವ ಆಸೆ ವಿಜ್ಞಾನಿಗಳದು.

ಆದರೆ ಆಸೆಯನ್ನು ಜಮೆ ಕಡೆ ಬರೆಯಲಾಗದು. 2017ರಲ್ಲಿ ಪ್ರಕಟವಾದ ಡಲಾಜಟೈಡ್ ಪ್ರಯೋಗದಲ್ಲಿ ಇದ್ದವರು 24 ಸೋರಿಯಾಸಿಸ್ ರೋಗಿಗಳು; ಔಷಧ ಕೊಟ್ಟದ್ದು ನಾಲ್ಕು ವಾರ. ಹೆಚ್ಚಿನ ಪ್ರಮಾಣ ಪಡೆದ 10 ಮಂದಿಯಲ್ಲಿ 9 ಮಂದಿಗೆ ಕಾಯಿಲೆ ತಗ್ಗಿತು. ಫಲಿತಾಂಶ ಒಳ್ಳೆಯದೇ. ಆದರೆ ವರ್ಷಗಟ್ಟಲೆ ತೆಗೆದುಕೊಳ್ಳಬೇಕಾದ ಔಷಧಕ್ಕೆ ನಾಲ್ಕು ವಾರದ ಲೆಕ್ಕ ಸಾಲದು. ಬಾಗಿಲು ಪತ್ತೆಯಾಗಿ ನಲವತ್ತು ವರ್ಷ ಕಳೆದರೂ ಡಲಾಜಟೈಡ್ ಔಷಧದಂಗಡಿಗೆ ಬಂದಿಲ್ಲ, ಇಲ್ಲಿಯೂ ಇಲ್ಲ, ಅಮೆರಿಕದಲ್ಲೂ ಇಲ್ಲ. ಯಾರಾದರೂ ತರಿಸಿಕೊಡುತ್ತೇವೆ ಎಂದು ಹಣ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಈ ಸುದ್ದಿಯನ್ನು ನಂಬಿ ಈಗಿನ ಮಾತ್ರೆ ನಿಲ್ಲಿಸುವುದು ಅದಕ್ಕಿಂತ ದೊಡ್ಡ ನಷ್ಟ. ಕಾಯಿಲೆ ಕಾಯುತ್ತ ಕೂರುವುದಿಲ್ಲ. ಒಮ್ಮೆ ಸವೆದ ಕೀಲು ಮೊದಲಿನಂತಾಗದು. ಬಹುದಿನದಿಂದ ತೆಗೆದುಕೊಳ್ಳುತ್ತಿರುವ ಸ್ಟೆರಾಯ್ಡ್ ಅನ್ನು ವೈದ್ಯರನ್ನು ಕೇಳದೆ ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ತೆಗೆದುಕೊಳ್ಳುವಂಥದ್ದು, ದಿನವೂ ಅಲ್ಲ. ಅದಕ್ಕೆ ಕಾಲಕಾಲಕ್ಕೆ ರಕ್ತಪರೀಕ್ಷೆಯೂ ಬೇಕು.

ಹೊರದೇಶದಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗೆ ಕಳಿಸಬೇಕಾದ್ದು ಇಲ್ಲದ ಮದ್ದಿನ ಭರವಸೆಯನ್ನಲ್ಲ. ತಜ್ಞ ವೈದ್ಯರ ಶುಲ್ಕ, ರಕ್ತಪರೀಕ್ಷೆಯ ಖರ್ಚು ಹೊರಲಿ. ‘ಈ ವಾರದ ಮಾತ್ರೆ ತಗೊಂಡ್ಯಾ ಅಮ್ಮ?’ ಎಂದು ಪ್ರತಿ ಕರೆಯಲ್ಲೂ ಕೇಳಲಿ. ಹೊಸ ಔಷಧ ಬಂದ ದಿನ ಅದನ್ನು ಬರೆದುಕೊಡುವವರೂ ಆ ವೈದ್ಯರೇ. ಅಲ್ಲಿಯವರೆಗೆ ಕೀಲು ಉಳಿಸಿಕೊಳ್ಳೋಣ.