ಚಾಕೊಲೇಟಿನ ‘ಕೋಕೋ’ ತೆಂಗಿನಕಾಯಿಯದ್ದೇ? ಒಂದೇ ಹೆಸರು, ಎರಡು ಮರ

ಅರಸೀಕೆರೆ ತಾಲ್ಲೂಕಿನ ಗಂಡಸಿ ಕಡೆಯ ತೆಂಗು ಬೆಳೆಗಾರರಿಗೆ ‘ಕೋಕೋಪೀಟ್’ ಹೊಸದಲ್ಲ. ಅದು ತೆಂಗಿನ ನಾರಿನ ಪುಡಿ. ಅಂಗಡಿಯಲ್ಲಿ ಸಿಗುವ ‘ಕೋಕೋ ಪೌಡರ್’, ‘ಕೋಕೋ ಬಟರ್’ ಕೂಡ ಕನ್ನಡದಲ್ಲಿ ಅದೇ ಅಕ್ಷರ. ಹಾಗಾದರೆ ಚಾಕೊಲೇಟ್ ನಮ್ಮ ಕೊಬ್ಬರಿಯಿಂದ ಬರುತ್ತದೆಯೇ?

ಇಲ್ಲ. ಇವು ಎರಡು ಬೇರೆ ಮರಗಳು, ಎರಡು ಬೇರೆ ಪದಗಳು.

ತೆಂಗಿನ ‘ಕೋಕೋ’ ಗುಮ್ಮನ ಹೆಸರು

ಪೋರ್ಚುಗೀಸ್ ಭಾಷೆಯಲ್ಲಿ ‘ಕೋಕೋ’ ಎಂದರೆ ಮಕ್ಕಳನ್ನು ಹೆದರಿಸುವ ಗುಮ್ಮ. ಸುಲಿದ ಕಾಯಿಯ ಮೂರು ಕಣ್ಣು ಅಂಥದೇ ಮುಖದಂತೆ ಕಂಡಿದ್ದರಿಂದ ಈ ಹೆಸರು ಬಂತು ಎಂದು 16ನೇ ಶತಮಾನದ ಪೋರ್ಚುಗೀಸ್ ಇತಿಹಾಸಕಾರ ಜೊವಾಂವ್ ದೆ ಬಾರ್ರೋಸ್ ಬರೆದಿದ್ದಾರೆ. ನಾವು ಮುಕ್ಕಣ್ಣನನ್ನು ಕಂಡಲ್ಲಿ ಅವರು ಗುಮ್ಮನನ್ನು ಕಂಡರು!

ಸ್ಪ್ಯಾನಿಷ್‌ನಲ್ಲಿ ‘ಕೋಕೋ’ ಇಂದಿಗೂ ತೆಂಗಿನಕಾಯಿಯೂ ಹೌದು, ಗುಮ್ಮನೂ ಹೌದು. ಫ್ರೆಂಚ್ ಮಕ್ಕಳ ಮಾತಿನಲ್ಲಿ ಅದು ಮೊಟ್ಟೆ. ಇಟಲಿಯಲ್ಲಿ ‘ಕೊಕ್ಕೊ’ ಎಂದರೆ ತೆಂಗಿನಕಾಯಿ, ಜೊತೆಗೆ ಅಮ್ಮನ ಮುದ್ದಿನ ಮಗ.

ಚಾಕೊಲೇಟಿನ ‘ಕೋಕೋ’ ಮೆಕ್ಸಿಕೊದ್ದು

ಇದರ ಮೂಲ ಮೆಕ್ಸಿಕೊದ ನಹುವಾಟಲ್ ಭಾಷೆಯ ‘ಕಕಾವಾಟಲ್’. ಸ್ಪ್ಯಾನಿಷ್‌ನಲ್ಲಿ ಅದು ‘ಕಕಾವ್’ ಆಯಿತು. ಜರ್ಮನ್ನರು ಈಗಲೂ ‘ಕಕಾವ್’ ಬೇರೆ, ತೆಂಗಿನ ‘ಕೋಕೋಸ್’ ಬೇರೆ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ಎರಡೂ ಬೆರೆತವು. 1755ರ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟಿನಲ್ಲಿ ಎರಡರ ವಿವರಣೆಯೂ ಒಂದೇ ಕಡೆ ಸೇರಿತ್ತು. ಆ ಗೊಂದಲವೇ ಇಂಗ್ಲಿಷ್ ಮೂಲಕ ನಮಗೂ ಬಂದಿದೆ.

ಕೋಕೋ ಮರ ಕರ್ನಾಟಕದಲ್ಲೂ ಇದೆ. ಕರಾವಳಿಯ ಅಡಿಕೆ, ತೆಂಗಿನ ತೋಟಗಳ ನೆರಳಿನಲ್ಲಿ ಬೆಳೆಯುತ್ತಾರೆ. ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆಯೂ ಇದೆ.

ನಮ್ಮ ಪದವೂ ಯುರೋಪಿಗೆ ಹೋಗಿದೆ. ಇಂಗ್ಲಿಷಿನ ‘ಕೋಪ್ರಾ’ ಪೋರ್ಚುಗೀಸರು ಮಲಯಾಳದ ‘ಕೊಪ್ಪರ’ದಿಂದ ಪಡೆದದ್ದು. ನಮ್ಮ ‘ಕೊಬ್ಬರಿ’ ಅದರ ನಂಟ.

ಇದು ತಿಳಿದರೆ ಏನು ಪ್ರಯೋಜನ?

ತೆಂಗಿನ ಅಲರ್ಜಿ ಇರುವವರು ‘ಕೋಕೋ’ ಎಂಬ ಹೆಸರೊಂದನ್ನೇ ನೋಡಿ ನಿರ್ಧರಿಸಬಾರದು. ಕ್ರೀಮ್, ಸೋಪಿನ ಲೇಬಲ್‌ನಲ್ಲಿ ‘ಕೋಕೋಸ್ ನ್ಯೂಸಿಫೆರಾ’ ಎಂದಿದ್ದರೆ ತೆಂಗು, ‘ಥಿಯೋಬ್ರೋಮಾ ಕಕಾವ್’ ಎಂದಿದ್ದರೆ ಚಾಕೊಲೇಟಿನ ಕೋಕೋ. ಕೆಲವದರಲ್ಲಿ ಎರಡೂ ಇರಬಹುದು.

ನಾಯಿ ಸಾಕಿದವರೂ ಗಮನಿಸಿ: ಚಾಕೊಲೇಟಿನ ಕೋಕೋದಲ್ಲಿರುವ ಥಿಯೋಬ್ರೋಮಿನ್ ನಾಯಿಗೆ ವಿಷ. ತೆಂಗಿನಲ್ಲಿ ಅದು ಇಲ್ಲ.

‘ಕೋಕೋ’ ಬಗ್ಗೆ ಆರೋಗ್ಯದ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಒಂದೇ ಪ್ರಶ್ನೆ ಕೇಳಿ: ಯಾವ ಕೋಕೋ?